ಓದುಗರ ಪ್ರಶ್ನೆ, ಅಂಕಣಕಾರರ ಉತ್ತರ: ಬಾಹ್ಯಾಕಾಶದ ಉಡುಪಿನಲ್ಲಿ ಎಷ್ಟು ಗಾಳಿ ಇರಬೇಕು?

ಹಿಂದಿನ ಸಂಚಿಕೆಯಲ್ಲಿ, ಶುಭಾಂಶು ಶುಕ್ಲಾ ಅವರು 2025ರ ಜೂನ್-ಜುಲೈ ತಿಂಗಳಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಕಳೆದ ದಿನಗಳ ಬಗ್ಗೆ ಬರೆದಿದ್ದೆ. ನಿಲ್ದಾಣದೊಳಗೆ ಇರುವುದು ಮುಂಬೈಯ ಕಡಲ ದಂಡೆಯಲ್ಲಿರುವಷ್ಟೇ ಒತ್ತಡದ ಗಾಳಿ, ಆದರೆ ಅಲ್ಲಿಂದ ಹೊರಗಿಳಿದು ಕೆಲಸ ಮಾಡುವವರ ಉಡುಪಿನೊಳಗೆ ಅದರ ಮೂರನೆಯ ಒಂದು ಪಾಲಿನಷ್ಟೂ ಒತ್ತಡ ಇರುವುದಿಲ್ಲ ಎಂದು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗಿದ್ದೆ. ಓದುಗರು ಆ ವಾಕ್ಯವನ್ನು ಸುಮ್ಮನೆ ಬಿಟ್ಟಿಲ್ಲ. ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಅದನ್ನೇ ಹಿಡಿದು ಕೇಳಿದವಾದ್ದರಿಂದ, ಬೇರೆ ವಿಷಯದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇನೆ.

ಪ್ರಶ್ನೆ: ಎವರೆಸ್ಟ್ ತುದಿಯಲ್ಲಿಯೂ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೆಯ ಒಂದು ಪಾಲು ಎಂದು ಓದಿದ್ದೇನೆ. ಅಲ್ಲಿ ಜನ ಉಸಿರು ಸಾಲದೆ ಕುಸಿದು ಬೀಳುತ್ತಾರೆ. ಅಷ್ಟೇ ಒತ್ತಡದಲ್ಲಿ ಉಡುಪು ತೊಟ್ಟವರು ಏಳೆಂಟು ಗಂಟೆ ದುಡಿಯುವುದು ಹೇಗೆ? (ಡೊಂಬಿವಲಿಯ ಓದುಗರೊಬ್ಬರು)

ಉತ್ತರ: ನೀವು ಹೇಳಿದ ಹೋಲಿಕೆ ಸರಿಯಾಗಿದೆ, ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹೇಳುವುದಾದರೆ ಎವರೆಸ್ಟ್ ತುದಿಯ ಒತ್ತಡವೇ ಹೆಚ್ಚು. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ 101.3 ಕಿಲೋಪಾಸ್ಕಲ್. ಎವರೆಸ್ಟ್ ಮೇಲೆ ಅದು ಸುಮಾರು 33 ಅಥವಾ 34. ನಿಲ್ದಾಣದಿಂದ ಹೊರಬರುವ ಅಮೆರಿಕದ ಉಡುಪಿನೊಳಗೆ 29.6 ಮಾತ್ರ. ಹಾಗಿದ್ದೂ ಒಂದು ಕಡೆ ಏದುಸಿರು, ಇನ್ನೊಂದು ಕಡೆ ನಿರಾಳ ಉಸಿರು ಇರುವುದಕ್ಕೆ ಕಾರಣ, ನಮ್ಮ ರಕ್ತ ಒಟ್ಟು ಒತ್ತಡವನ್ನೂ ನೋಡುವುದಿಲ್ಲ, ಗಾಳಿಯಲ್ಲಿ ಆಮ್ಲಜನಕ ಶೇಕಡಾ ಎಷ್ಟಿದೆ ಎಂಬುದನ್ನೂ ನೋಡುವುದಿಲ್ಲ. ಆ ಒಟ್ಟು ಒತ್ತಡದಲ್ಲಿ ಆಮ್ಲಜನಕದ ಪಾಲಿಗೆ ಬಂದ ಒತ್ತಡ ಎಷ್ಟು, ಅಂದರೆ ಆಂಶಿಕ ಒತ್ತಡ ಎಷ್ಟು ಎಂಬುದಷ್ಟೇ ಅದಕ್ಕೆ ಬೇಕಾದ ಲೆಕ್ಕ.

ಈ ಲೆಕ್ಕದಲ್ಲಿ ಇಬ್ಬರು ಪಾಲುದಾರರು ಯಾವಾಗಲೂ ಮೊದಲೇ ಬಂದು ತಮ್ಮ ಪಾಲು ತೆಗೆದುಕೊಂಡು ಹೋಗುತ್ತಾರೆ. ಶ್ವಾಸಕೋಶದ ಒಳಗು ಸದಾ ಒದ್ದೆಯಾಗಿರುವುದರಿಂದ ಅಲ್ಲಿ ನೀರಾವಿಯ ಒತ್ತಡ 6.3 ಕಿಲೋಪಾಸ್ಕಲ್ ಇದ್ದೇ ಇರುತ್ತದೆ. ಹೊರಗಿನ ಒತ್ತಡ ಎಷ್ಟೇ ಇಳಿಯಲಿ, ದೇಹದ ಬಿಸಿ 37 ಡಿಗ್ರಿ ಇರುವವರೆಗೆ ಇದು ಕದಲುವುದಿಲ್ಲ. ರಕ್ತದಿಂದ ಹೊರಬರುವ ಇಂಗಾಲದ ಡೈಆಕ್ಸೈಡ್ ಇನ್ನೊಂದು 5.3 ಕಿಲೋಪಾಸ್ಕಲ್ ಹಿಡಿದುಕೊಳ್ಳುತ್ತದೆ. ಸಮುದ್ರಮಟ್ಟದ ಗಾಳಿಯಲ್ಲಿ ಇವುಗಳ ಲೆಕ್ಕ ಕಳೆದ ಮೇಲೆ, ಶ್ವಾಸಕೋಶದ ಗಾಳಿಗೂಡುಗಳಲ್ಲಿ ಆಮ್ಲಜನಕಕ್ಕೆ ಉಳಿಯುವುದು ಹದಿಮೂರು ಚಿಲ್ಲರೆ ಕಿಲೋಪಾಸ್ಕಲ್. ಎವರೆಸ್ಟ್ ಮೇಲೆ, ಮೂಗಿನೊಳಗೆ ಹೋಗಿ ಒದ್ದೆಯಾದ ಗಾಳಿಯಲ್ಲಿ ಮೊದಲಿಗೇ ಆಮ್ಲಜನಕದ ಪಾಲು ಆರಕ್ಕಿಂತ ಕಡಿಮೆ. ಅದರಲ್ಲಿ ಇನ್ನೂ ಕಳೆಯಬೇಕು. ಉಡುಪಿನೊಳಗೆ ಇರುವುದು ಬರಿಯ ಆಮ್ಲಜನಕವಾದ್ದರಿಂದ 29.6ರಿಂದ ಆ ಎರಡನ್ನು ನೇರವಾಗಿ ಕಳೆದರೆ ಸಾಕು, 18 ಉಳಿಯುತ್ತದೆ. ಮುಂಬೈಯ ಮಾಟುಂಗಾದ ಬೀದಿಯಲ್ಲಿ ನಿಂತವರಿಗೆ ದೊರೆಯುವುದಕ್ಕಿಂತ ಇದು ಹೆಚ್ಚೇ.

ಚಂದ್ರನ ಮೇಲೆ ನಡೆದ ಅಪೋಲೊ ಯಾತ್ರಿಗಳ ಉಡುಪಿನಲ್ಲಿ ಒತ್ತಡ ಇನ್ನೂ ಕಡಿಮೆ, ಸುಮಾರು 25.5 ಇತ್ತು. ಅದರಿಂದ ಅದೇ ಎರಡು ಪಾಲನ್ನು ಕಳೆದು ನೋಡಿ: 13.9. ಸಮುದ್ರಮಟ್ಟದಲ್ಲಿ ಸಿಗುವುದು ಹೆಚ್ಚುಕಡಿಮೆ ಇಷ್ಟೇ. ಈ ಕಳೆಯುವ ಲೆಕ್ಕವನ್ನು ಮೊದಲ ಬಾರಿ ಕಾಗದದ ಮೇಲೆ ಮಾಡಿ ನೋಡಿದ ದಿನ ನನಗೆ ಆದ ಸಂತೋಷವನ್ನು ನೀವೂ ಪಡೆಯಲಿ ಎಂದೇ ಇಷ್ಟು ಎಳೆದು ಬರೆದೆ.

ಪ್ರಶ್ನೆ: ಬರಿಯ ಆಮ್ಲಜನಕ, ಕಡಿಮೆ ಒತ್ತಡ ಎಂಬ ಈ ಸುತ್ತುಬಳಸು ಏಕೆ? ನಿಲ್ದಾಣದೊಳಗಿನ ಗಾಳಿಯನ್ನೇ ಅದೇ ಒತ್ತಡದಲ್ಲಿ ಉಡುಪಿಗೂ ತುಂಬಿದರೆ ಆಗುವುದಿಲ್ಲವೇ? ಬಟ್ಟೆ ಹರಿದೀತು ಎಂಬ ಭಯವೇ? (ಪುಣೆಯ ಎಂಜಿನಿಯರಿಂಗ್ ವಿದ್ಯಾರ್ಥಿನಿ)

ಉತ್ತರ: ಹರಿಯದಷ್ಟು ಗಟ್ಟಿ ಬಟ್ಟೆ ನೇಯುವುದು ದೊಡ್ಡ ಮಾತಲ್ಲ. ತೊಡಕು ಇರುವುದು ಬೆರಳುಗಳಲ್ಲಿ.

ಕೆಲವು ವರ್ಷಗಳ ಹಿಂದೆ ಮುಂಬೈಯ ಒಂದು ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ಇದನ್ನು ತೋರಿಸಲು ಹೋಗಿದ್ದೆ. ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿಯೊಳಕ್ಕೆ ಪಾತ್ರೆ ತೊಳೆಯುವ ರಬ್ಬರ್ ಕೈಗವಸನ್ನು ಇಳಿಬಿಟ್ಟು, ಅದರ ತೋಳಿನ ಅಂಚನ್ನು ಡಬ್ಬಿಯ ಬಾಯಿಗೆ ಮಡಚಿ ಟೇಪು ಸುತ್ತಿ, ಡಬ್ಬಿಯ ಪಕ್ಕದಲ್ಲಿ ಕೊರೆದ ತೂತಿಗೆ ಮನೆಯ ವ್ಯಾಕ್ಯೂಮ್ ಕ್ಲೀನರಿನ ಕೊಳವೆಯನ್ನು ಹಿಡಿಯುವುದು, ಅಷ್ಟೇ ಸಾಮಗ್ರಿ. ಆರನೆಯ ತರಗತಿಯ ಹುಡುಗನೊಬ್ಬ ಕೈಗವಸಿನೊಳಗೆ ಕೈ ಹಾಕಿದ. ಯಂತ್ರ ಶುರುವಾದೊಡನೆ ಗವಸು ಒಳಗಡೆ ಉಬ್ಬಿ, ಐದು ಬೆರಳೂ ಐದು ಬಾಳೆಕಾಯಿಯಂತೆ ಬಿಗಿದು ನಿಂತವು. ಡಬ್ಬಿಯ ತಳದಲ್ಲಿ ಇಟ್ಟಿದ್ದ ನಟ್ಟನ್ನು ಬೋಲ್ಟಿಗೆ ತಿರುಗಿಸು ಎಂದೆ. ಹತ್ತೆಣಿಸುವುದರೊಳಗೆ ಅವನ ಮುಂಗೈ ನಡುಗತೊಡಗಿತು. ನಟ್ಟು ಮೂರು ಸಲ ಜಾರಿ ಬಿತ್ತು. ನಾಲ್ಕನೆಯ ಸಲ ಅವನೇ ಕೈ ಎಳೆದುಕೊಂಡು ಬೆರಳು ನೀವಿಕೊಂಡ. ಮನೆಯ ಆ ಯಂತ್ರ ಉಂಟುಮಾಡುವ ಒತ್ತಡದ ವ್ಯತ್ಯಾಸ ಬಾಹ್ಯಾಕಾಶದ ಉಡುಪಿನ ವ್ಯತ್ಯಾಸಕ್ಕಿಂತ ಕಡಿಮೆ.

ಇದರ ಹಿಂದಿನ ಕಾರಣ ಸರಳ. ಗಾಳಿ ತುಂಬಿದ ಕೊಳವೆಯನ್ನು ಬಾಗಿಸಿದಾಗ ಒಳಗಿನ ಜಾಗ ಕುಗ್ಗಿದರೆ, ಕುಗ್ಗಿದಷ್ಟು ಜಾಗವನ್ನು ಒತ್ತಡದಿಂದ ಗುಣಿಸಿದಷ್ಟು ಕೆಲಸವನ್ನು ಬೆರಳು ಮಾಡಬೇಕು, ಮತ್ತು ಪ್ರತಿ ಸಲ ಮಡಚಿದಾಗಲೂ ಮಾಡಬೇಕು. ಒತ್ತಡ ಮೂರು ಪಟ್ಟಾದರೆ ಶ್ರಮವೂ ಮೂರು ಪಟ್ಟು. ಭುಜ, ಮಂಡಿಗಳಲ್ಲಿ ಬೇರಿಂಗುಗಳನ್ನೂ ನೆರಿಗೆಯ ಕೀಲುಗಳನ್ನೂ ಇಟ್ಟು, ಬಾಗಿದರೂ ಜಾಗ ಕುಗ್ಗದಂತೆ ಮಾಡಬಹುದು. 1980ರ ದಶಕದಲ್ಲಿ ನಾಸಾ ಮಾರ್ಕ್ 3 ಎಂಬ ಉಡುಪನ್ನು 57 ಕಿಲೋಪಾಸ್ಕಲ್ ಒತ್ತಡಕ್ಕೇ ಮಾಡಿ ಪರೀಕ್ಷಿಸಿತ್ತು. ಆದರೆ ಬೆರಳಿನ ಗಿಣ್ಣಿನಷ್ಟು ಸಣ್ಣ ಜಾಗದಲ್ಲಿ ಆ ಉಪಾಯಗಳನ್ನೆಲ್ಲ ಹಿಡಿಸುವುದು ಕಷ್ಟ. ಸುನೀತಾ ವಿಲಿಯಮ್ಸ್ ಒಂಬತ್ತು ಸಲ ಹೊರಗೆ ಹೋಗಿ ಒಟ್ಟು 62 ಗಂಟೆ 6 ನಿಮಿಷ ಕೆಲಸ ಮಾಡಿದ್ದಾರೆ. ಅಷ್ಟು ಹೊತ್ತೂ ಆ ಕೈಗಳು ಗಾಳಿಯನ್ನು ಹಿಂಡುತ್ತಲೇ ಇದ್ದವು ಎಂದುಕೊಳ್ಳಿ. ಈಗಿನ 29.6ರಲ್ಲಿಯೇ ಯಾತ್ರಿಗಳ ಬೆರಳಿನ ತುದಿಗಳು ನೊಂದು ಉಗುರು ಕಳಚಿ ಬಂದ ಉದಾಹರಣೆಗಳಿವೆ.

ಮೊದಲ ಸಲ ಹೊರಗೆ ತೇಲಿದವರಿಗೇ ಇದರ ರುಚಿ ಸಿಕ್ಕಿತ್ತು. 1965ರ ಮಾರ್ಚ್ 18ರಂದು ಅಲೆಕ್ಸಿ ಲಿಯೊನೋವ್ ವೊಸ್ಖೋದ್ 2 ನೌಕೆಯಿಂದ ಹೊರಬಂದು ಹನ್ನೆರಡು ನಿಮಿಷ ಇದ್ದರು. ಉಡುಪು ಉಬ್ಬಿ ಕೈಕಾಲು ಗವಸು-ಬೂಟುಗಳ ತುದಿ ಮುಟ್ಟದಂತಾಗಿ, ಹಿಂದಿರುಗಿ ಒಳಗೆ ನುಸುಳಲು ಆಗದಿದ್ದಾಗ, ತಾವೇ ಉಡುಪಿನ ಗಾಳಿಯನ್ನು ಹೊರಬಿಟ್ಟು ಒತ್ತಡ ಇಳಿಸಿಕೊಂಡು ಒಳಗೆ ಸೇರಿದರು. ಹಾಗೆ ಇಳಿಸುವುದು ಎಂತಹ ಜೂಜು ಎಂಬುದು ಮುಂದಿನ ಪತ್ರದಲ್ಲಿದೆ.

ಪ್ರಶ್ನೆ: ನಾನು ವಾಸ್ಕೊದಲ್ಲಿ ಕೆಲಸದಲ್ಲಿದ್ದೇನೆ. ರಜೆಯಲ್ಲಿ ಗ್ರಾಂಡೆ ದ್ವೀಪದ ಬಳಿ ಸ್ಕೂಬಾ ಇಳಿದಿದ್ದೆ. ಎರಡು ಸಲ ಇಳಿದ ಮೇಲೆ ಹದಿನೆಂಟು ಗಂಟೆ ವಿಮಾನ ಹತ್ತಬಾರದು ಎಂದು ತರಬೇತುದಾರರು ತಾಕೀತು ಮಾಡಿದರು. ಬಾಹ್ಯಾಕಾಶ ಯಾತ್ರಿಗಳಿಗೂ ಇಂತಹದೇ ನಿಯಮ ಇದೆಯೇ? (ಗೋವಾದ ಓದುಗರು)

ಉತ್ತರ: ಇದೆ, ಮತ್ತು ಕಾರಣವೂ ಒಂದೇ. ನೀರಿನಡಿಯ ಹೆಚ್ಚಿನ ಒತ್ತಡದಲ್ಲಿ ಉಸಿರಾಡಿದಾಗ ಸಾರಜನಕ ನಿಮ್ಮ ರಕ್ತದಲ್ಲೂ ಕೊಬ್ಬಿನಲ್ಲೂ ಹೆಚ್ಚಾಗಿ ಕರಗಿ ಕೂತಿರುತ್ತದೆ. ವಿಮಾನದೊಳಗಿನ ಒತ್ತಡ ಸುಮಾರು 2,400 ಮೀಟರ್ ಎತ್ತರದ ಬೆಟ್ಟದಷ್ಟರವರೆಗೆ ಇಳಿಯಬಹುದಾದ್ದರಿಂದ, ಕೂತ ಸಾರಜನಕ ಸೋಡಾ ಬಾಟಲಿಯ ಮುಚ್ಚಳ ತೆಗೆದಾಗ ನೊರೆ ಏಳುವಂತೆ ಗುಳ್ಳೆಗಟ್ಟುತ್ತದೆ. ಕೀಲುಗಳಲ್ಲಿ ನೋವು, ಕೆಟ್ಟ ಸಂದರ್ಭದಲ್ಲಿ ಮಿದುಳು-ಬೆನ್ನುಹುರಿಗೆ ಪೆಟ್ಟು. ಬೆಂಡ್ಸ್ ಎನ್ನುವುದು ಇದನ್ನೇ. ನಿಮ್ಮ ವಿಮಾನದಲ್ಲಿ ಒತ್ತಡ 101ರಿಂದ ಸುಮಾರು 75ಕ್ಕೆ ಇಳಿಯುತ್ತದೆ. ನಿಲ್ದಾಣದಿಂದ ಉಡುಪಿನೊಳಕ್ಕೆ ಹೋಗುವವರದು 101ರಿಂದ 29.6ಕ್ಕೆ. ಅವರು ಸಮುದ್ರಕ್ಕೆ ಇಳಿಯದಿದ್ದರೂ ನಿಲ್ದಾಣದ ಗಾಳಿಯೇ ಅವರ ಪಾಲಿನ ಆಳದ ನೀರು.

ಎಷ್ಟು ಅಪಾಯ ಎಂಬುದನ್ನು ಅಳೆಯಲು ಒಂದು ಅನುಪಾತವನ್ನು ಬಳಸುತ್ತಾರೆ: ದೇಹದಲ್ಲಿ ಕರಗಿದ ಸಾರಜನಕದ ಒತ್ತಡವನ್ನು ಉಡುಪಿನ ಒತ್ತಡದಿಂದ ಭಾಗಿಸುವುದು. ಸಮುದ್ರಮಟ್ಟದ ಗಾಳಿಯಲ್ಲಿ ಸಾರಜನಕದ ಪಾಲು ಸುಮಾರು 79 ಕಿಲೋಪಾಸ್ಕಲ್, 29.6ರಿಂದ ಭಾಗಿಸಿದರೆ 2.7 ಬರುತ್ತದೆ, ಮತ್ತು ಇದು ಸಹಿಸಲಾಗದಷ್ಟು ಹೆಚ್ಚು. ಆದ್ದರಿಂದ ಹೊರಡುವ ಮೊದಲು ಬರಿಯ ಆಮ್ಲಜನಕ ಉಸಿರಾಡಿ ದೇಹದ ಸಾರಜನಕವನ್ನು ತೊಳೆಯಬೇಕು. ಸುಮ್ಮನೆ ಕೂತು ತೊಳೆದರೆ ನಾಲ್ಕು ಗಂಟೆ ಬೇಕು. ಹಿಂದಿನ ರಾತ್ರಿಯೇ ಕ್ವೆಸ್ಟ್ ಎಂಬ ಹೊರಬಾಗಿಲ ಕೋಣೆಯಲ್ಲಿ 70 ಕಿಲೋಪಾಸ್ಕಲ್ ಒತ್ತಡದಲ್ಲಿ ಮಲಗುವ, ಅಥವಾ ಆಮ್ಲಜನಕ ಎಳೆದುಕೊಳ್ಳುತ್ತ ಹಗುರಾದ ವ್ಯಾಯಾಮ ಮಾಡಿ ರಕ್ತ ಜೋರಾಗಿ ಓಡುವಂತೆ ಮಾಡುವ ಕ್ರಮಗಳಿಂದ ಈ ಕಾಲವನ್ನು ಕಡಿಮೆ ಮಾಡಿಕೊಂಡಿದ್ದಾರೆ. ರಷ್ಯನ್ನರು ಬೇರೆ ದಾರಿ ಹಿಡಿದರು: ಅವರ ಓರ್ಲಾನ್ ಉಡುಪಿನ ಒತ್ತಡ 40, ಅನುಪಾತ ಎರಡರ ಒಳಗೆ, ಆಮ್ಲಜನಕ ಸ್ನಾನ ಅರ್ಧ ಗಂಟೆ. ಬೆರಳುಗಳಿಗೆ ಹೆಚ್ಚು ದಣಿವು, ಗಡಿಯಾರಕ್ಕೆ ಕಡಿಮೆ. ಇಬ್ಬರಲ್ಲಿ ಯಾರು ಸರಿ ಎಂದು ಕೇಳಿದರೆ, ತುರ್ತಾಗಿ ಹೊರಗೋಡಬೇಕಾದ ದಿನ ನಾನು ಓರ್ಲಾನನ್ನೇ ತೊಡುತ್ತೇನೆ; ಏಳು ಗಂಟೆ ಬೋಲ್ಟು ಬಿಗಿಯುವ ದಿನ ಅಮೆರಿಕದ್ದನ್ನು.

ಲಿಯೊನೋವ್ ಒತ್ತಡ ಇಳಿಸಿದಾಗ ಆ ಭಾಗಾಕಾರದ ಕೆಳಗಿನ ಅಂಕಿಯನ್ನು ಇಳಿಸಿ, ಅಪಾಯದ ಅನುಪಾತವನ್ನು ಏರಿಸಿಕೊಂಡರು ಎಂಬುದು ಈಗ ಸ್ಪಷ್ಟವಾಗಿರಬಹುದು.

ಪ್ರಶ್ನೆ: ಮನೆಯಲ್ಲೂ ಉಡುಪಿನಲ್ಲೂ ಒಂದೇ ಗಾಳಿ, ಅಂದರೆ ಕಡಿಮೆ ಒತ್ತಡದ ಬರಿಯ ಆಮ್ಲಜನಕ ಇಟ್ಟುಬಿಟ್ಟರೆ ಸಾರಜನಕದ ರಗಳೆಯೇ ಇರುವುದಿಲ್ಲವಲ್ಲ? ಚಂದ್ರನ ಮೇಲೆ ಕಟ್ಟುವ ಮನೆಗಳಲ್ಲಿ ಹಾಗೆ ಮಾಡುತ್ತಾರೆಯೇ? (ಪುಣೆಯ ಕೊಥ್ರೂಡ್‌ನ ಓದುಗರು)

ಉತ್ತರ: ಒಂದು ಕಾಲದಲ್ಲಿ ಹಾಗೆಯೇ ಮಾಡಿದ್ದರು. ಜೆಮಿನಿ, ಅಪೋಲೊ ನೌಕೆಗಳು ಬಾಹ್ಯಾಕಾಶದಲ್ಲಿ 34.5 ಕಿಲೋಪಾಸ್ಕಲ್ ಒತ್ತಡದ ಆಮ್ಲಜನಕದಲ್ಲೇ ಹಾರಿದವು. ಗೋಡೆ ತೆಳುವಾದರೆ ಸಾಕು, ಒಂದೇ ಅನಿಲದ ಟ್ಯಾಂಕು ಸಾಕು, ಸೋರಿಕೆಯೂ ಕಡಿಮೆ. ಅನಾಹುತವಾದದ್ದು ಹಾರಾಟದಲ್ಲಿ ಅಲ್ಲ, ನೆಲದ ಮೇಲೆ. 1967ರ ಜನವರಿ 27ರಂದು ಕೇಪ್ ಕೆನಡಿಯಲ್ಲಿ ಅಭ್ಯಾಸಕ್ಕೆಂದು ಅಪೋಲೊ ನೌಕೆಯನ್ನು ಹೊರಗಿನ ವಾತಾವರಣಕ್ಕಿಂತಲೂ ತುಸು ಹೆಚ್ಚಿನ, ಸುಮಾರು 115 ಕಿಲೋಪಾಸ್ಕಲ್ ಒತ್ತಡದ ಬರಿಯ ಆಮ್ಲಜನಕದಿಂದ ತುಂಬಿದ್ದರು. ಒಳಗೆ ಗಸ್ ಗ್ರಿಸಮ್, ಎಡ್ ವೈಟ್, ರೋಜರ್ ಚಾಫೀ. ನೈಲಾನ್ ಬಲೆಗಳು, ವೆಲ್ಕ್ರೋ ಪಟ್ಟಿಗಳು ಹೇರಳವಾಗಿದ್ದ ಆ ಕೋಣೆಯಲ್ಲಿ ಕಿಡಿ ಹೊತ್ತಿದ ಸುದ್ದಿ ಕೇಳಿದ ಇಪ್ಪತ್ತು ಸೆಕೆಂಡಿನೊಳಗೆ ನೌಕೆಯ ಗೋಡೆಯೇ ಬಿರಿಯಿತು. ಬಾಗಿಲು ಒಳಮುಖವಾಗಿ ತೆರೆಯುವಂಥದ್ದು. ಬೆಂಕಿಯಿಂದ ಏರಿದ ಒತ್ತಡವೇ ಅದನ್ನು ಚೌಕಟ್ಟಿಗೆ ಅದುಮಿ ಹಿಡಿದಿತ್ತು. ಮೂವರೂ ತೀರಿಕೊಂಡರು. ಅದಕ್ಕೂ ಆರು ವರ್ಷ ಮೊದಲು, 1961ರ ಮಾರ್ಚ್‌ನಲ್ಲಿ, ಸೋವಿಯತ್ ಒಕ್ಕೂಟದಲ್ಲಿ ಬಾಹ್ಯಾಕಾಶ ಯಾತ್ರೆಗೆ ತರಬೇತಿ ಪಡೆಯುತ್ತಿದ್ದ ವ್ಯಾಲೆಂಟಿನ್ ಬೊಂದರೆಂಕೊ ಆಮ್ಲಜನಕ ಹೆಚ್ಚಿದ್ದ ಪರೀಕ್ಷಾ ಕೊಠಡಿಯಲ್ಲಿ ಮೈ ಒರೆಸಿಕೊಂಡ ಆಲ್ಕೋಹಾಲಿನ ಹತ್ತಿ ಬಿಸಿ ಒಲೆಯ ಮೇಲೆ ಬಿದ್ದು ಸುಟ್ಟು ಸತ್ತಿದ್ದರು. ಆ ಸಾವು ಹೊರಜಗತ್ತಿಗೆ ತಿಳಿದದ್ದು 1980ರ ದಶಕದಲ್ಲಿ. ಮೊದಲೇ ತಿಳಿದಿದ್ದರೆ ಎಂದು ಯೋಚಿಸದೆ ಇರುವುದು ಕಷ್ಟ.

ಉಸಿರಿನ ವಿಷಯದಲ್ಲಿ ಆಂಶಿಕ ಒತ್ತಡವೇ ಸರ್ವಸ್ವ ಎಂದು ಮೇಲೆ ಹೇಳಿದೆ. ಬೆಂಕಿಯ ವಿಷಯದಲ್ಲಿ ಹಾಗಲ್ಲ. ಅಲ್ಲಿ ಶೇಕಡಾವಾರು ಲೆಕ್ಕಕ್ಕೆ ಬರುತ್ತದೆ. ಗಾಳಿಯಲ್ಲಿರುವ ಸಾರಜನಕ ತಾನು ಉರಿಯದೆ, ಉರಿಯ ಬಿಸಿಯನ್ನು ಹೀರಿಕೊಂಡು ಜ್ವಾಲೆಯನ್ನು ತಣಿಸುತ್ತಿರುತ್ತದೆ; ಅದನ್ನು ತೆಗೆದುಹಾಕಿದರೆ ಆಮ್ಲಜನಕದ ಆಂಶಿಕ ಒತ್ತಡ ಮೊದಲಿನಷ್ಟೇ ಇದ್ದರೂ ಬೆಂಕಿಗೆ ತಡೆಯೇ ಇಲ್ಲದಂತಾಗುತ್ತದೆ. ದುರಂತದ ನಂತರ ಅಪೋಲೊ ಬಾಗಿಲನ್ನು ಹೊರಮುಖ ಮಾಡಿದರು, ಉಡಾವಣೆಯ ಕಟ್ಟೆಯ ಮೇಲಿರುವಾಗ ನೌಕೆಯಲ್ಲಿ ಶೇಕಡಾ 60 ಆಮ್ಲಜನಕ, 40 ಸಾರಜನಕ ತುಂಬಿದರು. 1973-74ರ ಸ್ಕೈಲ್ಯಾಬ್ ನಿಲ್ದಾಣದಲ್ಲಿ ಒತ್ತಡ ಅದೇ 34.5, ಆದರೆ ಆಮ್ಲಜನಕ ಸುಮಾರು ಶೇಕಡಾ 70. ಅಲ್ಲಿ ಗಾಳಿ ಎಷ್ಟು ವಿರಳವೆಂದರೆ ಧ್ವನಿ ದೂರ ಹೋಗದೆ, ಸ್ವಲ್ಪ ದೂರ ಇದ್ದವರನ್ನೂ ಕೂಗಿ ಕರೆಯಬೇಕಾಗುತ್ತಿತ್ತು. ಮುಂದೆ ಬಂದ ನಿಲ್ದಾಣಗಳು ಸಮುದ್ರಮಟ್ಟದ ಗಾಳಿಗೆ ಮರಳಿದವು: ಸಲಕರಣೆಗಳನ್ನು ಫ್ಯಾನಿನಿಂದ ತಣ್ಣಗಿಡುವುದು ಸುಲಭ, ಪ್ರಯೋಗಗಳನ್ನು ಭೂಮಿಯ ಫಲಿತಾಂಶಗಳೊಂದಿಗೆ ನೇರವಾಗಿ ಹೋಲಿಸಬಹುದು. ತಿಂಗಳಿಗೊಮ್ಮೆ ಹೊರಗೆ ಹೋಗುವವರಿಗೆ ಅಲ್ಲಿನ ನಾಲ್ಕು ಗಂಟೆಯ ತೊಳೆತ ಅಷ್ಟು ಭಾರವಲ್ಲ.

ಚಂದ್ರನ ಮನೆಯ ಕತೆ ಬೇರೆ. ಅಲ್ಲಿಗೆ ಹೋಗುವುದೇ ದಿನ ಬಿಟ್ಟು ದಿನ ಹೊರಗೆ ನಡೆಯಲು. ಹಾಗಾಗಿ ನಾಸಾದವರು ಒಂದು ನಡುದಾರಿಯನ್ನು ಆರಿಸಿದ್ದಾರೆ: ಒತ್ತಡ 56.5 ಕಿಲೋಪಾಸ್ಕಲ್, ಆಮ್ಲಜನಕ ಶೇಕಡಾ 34. ಭಾಗಾಕಾರ ಮಾಡಿ ನೋಡಿ. ಸಾರಜನಕದ ಪಾಲು 37ರ ಆಸುಪಾಸು, 29.6ರ ಉಡುಪಿಗೆ ಅನುಪಾತ 1.3ಕ್ಕಿಂತ ಕಡಿಮೆ. ತೊಳೆತ ಗಂಟೆಗಳಿಂದ ನಿಮಿಷಗಳಿಗೆ ಇಳಿಯುತ್ತದೆ. ಇದಕ್ಕೆ ತೆರುವ ಬೆಲೆಯೆಂದರೆ ಆಮ್ಲಜನಕದ ಆಂಶಿಕ ಒತ್ತಡ 19 ಚಿಲ್ಲರೆ, ಅಂದರೆ ನಮಗೆ ಕಡಲ ದಂಡೆಯಲ್ಲಿ ಸಿಗುವ 21ಕ್ಕಿಂತ ತುಸು ಕಡಿಮೆ. ನೀವು ಪುಣೆಯವರಾದ್ದರಿಂದ ಹೇಳುತ್ತೇನೆ, ಭಾನುವಾರ ಸಿಂಹಗಡ ಹತ್ತಿ, ಮೇಲೆ ಪಿಠಲೆ-ಭಾಕರಿ ತಿಂದು ಮಣ್ಣಿನ ಕುಡಿಕೆಯ ಮೊಸರು ಕುಡಿಯುತ್ತೀರಲ್ಲ, ಸುಮಾರು 1,300 ಮೀಟರಿನ ಆ ಎತ್ತರದಲ್ಲಿ ನಿಮ್ಮ ಶ್ವಾಸಕೋಶಕ್ಕೆ ಸಿಗುವ ಆಮ್ಲಜನಕ ಹೆಚ್ಚುಕಡಿಮೆ ಇಷ್ಟೇ. ಹತ್ತುವಾಗಿನ ಏದುಸಿರು ಮೆಟ್ಟಿಲುಗಳಿಂದ ಬಂದದ್ದು, ಗಾಳಿಯಿಂದಲ್ಲ.

ನನಗೆ ಅಳುಕಿರುವುದು ಆ 34ರ ಬಗ್ಗೆ. ಮಾಮೂಲಿ ಗಾಳಿಯಲ್ಲಿ ಹೊತ್ತಿಸಿದರೂ ತಾನಾಗಿ ಆರಿಹೋಗುವ ನೋಮೆಕ್ಸ್‌ನಂತಹ ಬಟ್ಟೆಗಳೂ ಶೇಕಡಾ 30 ದಾಟಿದ ಆಮ್ಲಜನಕದಲ್ಲಿ ಉರಿಯಬಲ್ಲವು. ಹಾಗಾಗಿ ಮನೆಯೊಳಕ್ಕೆ ಹೋಗುವ ಪ್ರತಿ ಹಗ್ಗ, ಚೀಲ, ತಂತಿಯ ಹೊದಿಕೆಯನ್ನೂ ಅದೇ ಗಾಳಿಯಲ್ಲಿ ಹೊತ್ತಿಸಿ ನೋಡಬೇಕು. ಸಾರಜನಕವನ್ನು ಇನ್ನೂ ಸ್ವಲ್ಪ ಉಳಿಸಿಕೊಂಡು, ಒತ್ತಡ ಬದಲಿಸಬಲ್ಲ ಉಡುಪು ತೊಟ್ಟು, ನಡಿಗೆಯ ಆರಂಭದಲ್ಲಿ ಹೆಚ್ಚು ಒತ್ತಡದಲ್ಲಿ ಹೊರಟು ದೇಹದ ಸಾರಜನಕ ಹೊರಹೋದಂತೆಲ್ಲ ಒತ್ತಡ ಇಳಿಸುತ್ತ ಹೋಗುವುದು ನನ್ನ ಮಟ್ಟಿಗೆ ಹೆಚ್ಚು ಒಪ್ಪಿಗೆಯಾಗುವ ದಾರಿ. ಹಾಗೆ ಒತ್ತಡ ಬದಲಿಸುವ ಉಡುಪುಗಳ ಕೆಲಸ ನಡೆದೇ ಇದೆ.

ಪ್ರಶ್ನೆ: ಹೆಚ್ಚು ಆಮ್ಲಜನಕ ವಿಷ ಎನ್ನುತ್ತಾರೆ. ಶೇಕಡಾ ನೂರು ಉಸಿರಾಡಿದವರಿಗೆ ಏನೂ ಆಗುವುದಿಲ್ಲವೇ? (ಪಣಜಿಯ ಓದುಗರು)

ಉತ್ತರ: ಇಲ್ಲಿಯೂ ಶೇಕಡಾವಾರನ್ನು ಮರೆತುಬಿಡಿ. ಆಮ್ಲಜನಕದ ಆಂಶಿಕ ಒತ್ತಡ ಸುಮಾರು 50 ಕಿಲೋಪಾಸ್ಕಲ್ ದಾಟಿ ದಿನಗಟ್ಟಲೆ ಇದ್ದರೆ ಶ್ವಾಸಕೋಶ ಕೆರಳುತ್ತದೆ. ಉಡುಪಿನ 29.6 ಅದಕ್ಕಿಂತ ಎಷ್ಟೋ ಕೆಳಗೆ. 1965ರಲ್ಲಿ ಜೆಮಿನಿ 7ರ ಇಬ್ಬರು 34.5ರಲ್ಲಿ ಹದಿನಾಲ್ಕು ದಿನ ಇದ್ದು ಸುರಕ್ಷಿತವಾಗಿ ಇಳಿದರು.

ಪ್ರಶ್ನೆ: ತಮಾಷೆಯ ಪ್ರಶ್ನೆ ಎಂದು ತಳ್ಳಿಹಾಕಬೇಡಿ. ನೀವು ಹೇಳುವ ಚಂದ್ರನ ಮನೆಯಲ್ಲಿ ಇಡ್ಲಿ ಬೇಯುತ್ತದೆಯೇ? (ಮಾಟುಂಗಾದಲ್ಲಿ ಹೋಟೆಲು ನಡೆಸುವವರೊಬ್ಬರು)

ಉತ್ತರ: ತಳ್ಳಿಹಾಕುವ ಪ್ರಶ್ನೆಯೇ ಅಲ್ಲ, ಒತ್ತಡ ಆರಿಸುವವರು ಕೇಳಿಕೊಳ್ಳಬೇಕಾದ ಪ್ರಶ್ನೆ. 56.5 ಕಿಲೋಪಾಸ್ಕಲ್‌ನಲ್ಲಿ ನೀರು 84 ಡಿಗ್ರಿಯ ಹತ್ತಿರ ಕುದಿಯುತ್ತದೆ. ಅಕ್ಕಿಯ ಪಿಷ್ಟ ಅದಕ್ಕಿಂತ ಕಡಿಮೆ ಬಿಸಿಯಲ್ಲೇ ಉಬ್ಬಿ ಮೆತ್ತಗಾಗುವುದರಿಂದ ಇಡ್ಲಿ ಬೆಂದೀತು, ಆದರೆ ನಿಮ್ಮ ಹತ್ತು-ಹನ್ನೆರಡು ನಿಮಿಷದ ಲೆಕ್ಕ ಅಲ್ಲಿ ನಡೆಯದು. ತೊಗರಿಬೇಳೆ ಮಾತ್ರ ಪೂರಾ ಹಠ ಹಿಡಿಯುತ್ತದೆ, ಸಾಂಬಾರಿಗೆ ಕುಕ್ಕರ್ ಬೇಕೇ ಬೇಕು. ಕುಕ್ಕರಿನಲ್ಲಿ ಇನ್ನೊಂದು ತೊಡಕಿದೆ. ಇಲ್ಲಿ ಅದರ ಸೀಟಿಯ ತೂಕ ಹೊರಗಿನ ಗಾಳಿಯ ಮೇಲೆ ಸುಮಾರು 100 ಕಿಲೋಪಾಸ್ಕಲ್ ಒತ್ತಡ ಕೂಡಿದಾಗ ಎದ್ದು ಆವಿ ಬಿಡುತ್ತದೆ. ಚಂದ್ರನ ಮೇಲೆ ಆ ಸೀಟಿಯ ತೂಕ ಆರನೆಯ ಒಂದು ಪಾಲು. ಹದಿನೇಳು ಕಿಲೋಪಾಸ್ಕಲ್ ಕೂಡುವಷ್ಟರಲ್ಲೇ ಎದ್ದುಬಿಡುತ್ತದೆ. ಒಳಗಿನ ನೀರು 91 ಡಿಗ್ರಿಯನ್ನೂ ಸರಿಯಾಗಿ ದಾಟಿರುವುದಿಲ್ಲ, ಬೇಳೆ ಹಾಗೆಯೇ ಇರುತ್ತದೆ, ಸೀಟಿಯ ಮೇಲೆ ಸೀಟಿ ಕೂಗುತ್ತಲೇ ಇರುತ್ತದೆ. ಹೊರಡುವಾಗ ಆರು ಪಟ್ಟು ಭಾರದ ಸೀಟಿಯೊಂದನ್ನು ಮಾಡಿಸಿಟ್ಟುಕೊಳ್ಳಿ.